ರೊಕ್ಕಕ್ಕೂ ಒಂದು ಹೆಸರಿರುತ್ತದೆ: ಕೃಷ್ಣಾ ದಂಡೆಯ ಗಿರಾಕಿಯ ಮನಸ್ಸು

ಕಳೆದ ಬೇಸಿಗೆಯಲ್ಲಿ ಕೂಲರಿನ ಪಂಪು ತರಲೆಂದು ಜಮಖಂಡಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಹೊರಗೆ ಬಿಸಿಲು ಚುರುಗುಡುತ್ತಿತ್ತು. ಒಳಗಿದ್ದವರಲ್ಲಿ ಅರ್ಧ ಮಂದಿ ಗಿರಾಕಿಗಳೋ, ಫ್ಯಾನಿನ ಗಾಳಿಗೆ ಬಂದವರೋ ಗೊತ್ತಾಗದ ಹಾಗಿತ್ತು. ಅಷ್ಟರಲ್ಲಿ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅತ್ತೆಯನ್ನೂ ಹೈಸ್ಕೂಲು ಓದುವ ಮಗನನ್ನೂ ಕರೆದುಕೊಂಡು ಬಂದು ಫ್ರಿಜ್ ತೋರಿಸಿ ಅಂದಳು. ಅಂಗಡಿಯವನು ಸ್ಟಾರ್ ರೇಟಿಂಗ್ ವಿವರಿಸಿದ, ಲೀಟರ್ ಲೆಕ್ಕ ಹೇಳಿದ, ಎಕ್ಸ್‌ಚೇಂಜ್ ಆಫರ್ ಮುಂದಿಟ್ಟ. ಆಕೆ ಯಾವುದನ್ನೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬಾಗಿಲ ಮೇಲೆ ದೊಡ್ಡ ಹೂವಿದ್ದ ಕೆಂಪು ಸಿಂಗಲ್ ಡೋರ್ ಮುಂದೆ ಹೋಗಿ ನಿಂತಳು.

"ಅಕ್ಕಾರ, ಇನ್ನೊಂದ್ ಮೂರ್ ಸಾವಿರ ಹಾಕಿದ್ರ ದೊಡ್ಡದು ಬರ್ತೈತ್ರಿ. ಮನಿಯವರನ್ನ ಒಂದ್ ಮಾತ್ ಕೇಳ್ರಿ ಬೇಕಾದ್ರ" ಎಂದ ಅಂಗಡಿಯವನು.

"ಅವರನ್ನೇನ್ ಕೇಳೂದ್ರೀ. ಇದು ನನ್ ರೊಕ್ಕ. ಬ್ಯಾಸಗಿ ಬಂದ್ರ ಮಂದಿ ಮನಿಗೆ ಬರ್ಫ ಕೇಳಾಕ ಹೋಗೂದು ತಪ್ಪಿದ್ರ ಸಾಕು."

ನಾನು ಕಾಮರ್ಸ್ ಪಾಠ ಮಾಡುವವನು. ಗ್ರಾಹಕರ ವರ್ತನೆ ಎಂಬ ಅಧ್ಯಾಯವನ್ನು ವರ್ಷ ವರ್ಷ ಬೋರ್ಡಿನ ಮೇಲೆ ತ್ರಿಕೋನ ಬರೆದು ಕಲಿಸುತ್ತ ಬಂದಿದ್ದೇನೆ. ಆವತ್ತು ಆಕೆಯ ಎರಡು ಮಾತು ಕೇಳಿದ ಮೇಲೆ ನನ್ನ ತ್ರಿಕೋನ ಸ್ವಲ್ಪ ವಾಲಿತು. ಮೊದಲ ಮಾತು, ಆಕೆ ಕೊಳ್ಳುತ್ತಿದ್ದದ್ದು ತಂಪನ್ನಲ್ಲ. ಪಕ್ಕದ ಮನೆಯ ಹೊಸ್ತಿಲಲ್ಲಿ ಪಾತ್ರೆ ಹಿಡಿದು ನಿಲ್ಲಬೇಕಾದ ಮುಜುಗರವನ್ನು ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದಳು. ಎರಡನೆಯದು 'ನನ್ ರೊಕ್ಕ'. ಅದೇ ಮನೆಯಲ್ಲಿ ಕಬ್ಬಿನ ಬಿಲ್ಲು ಬಂದಾಗ ಆ ಫ್ರಿಜ್ ಯಾಕೆ ಬರಲಿಲ್ಲ? ಕಬ್ಬಿನ ಬಿಲ್ಲು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಲ್ಲವೇ?

ತ್ರಿಕೋನದ ಕಥೆಯನ್ನು ಬೇಗ ಮುಗಿಸುತ್ತೇನೆ, ಓದಿದವರಿಗೆಲ್ಲ ಗೊತ್ತಿರುವುದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಮನುಷ್ಯನ ಬೇಕುಗಳನ್ನು ಐದು ಗುಂಪು ಮಾಡಿದ: ಹೊಟ್ಟೆ ಬಟ್ಟೆ, ಭದ್ರತೆ, ನಂಟು ಪ್ರೀತಿ, ಮಾನ ಮರ್ಯಾದೆ, ಕೊನೆಗೆ ತಾನು ಏನಾಗಬಲ್ಲೆನೋ ಅದಾಗುವ ಹಂಬಲ. ಕೆಳಗಿನದು ಒಂದಿಷ್ಟು ತೀರಿದ ಮೇಲೆ ಮೇಲಿನದು ಕಾಡುತ್ತದೆ ಎಂದ. ಆದರೆ ಈ ಐದನ್ನು ಒಂದರ ಮೇಲೊಂದು ಪೇರಿಸಿದ ಆ ಪ್ರಸಿದ್ಧ ತ್ರಿಕೋನ, ಅಂದರೆ ಪಿರಮಿಡ್, ಅವನು ಬರೆದದ್ದಲ್ಲ. ಮ್ಯಾನೇಜ್‌ಮೆಂಟ್ ಜನ ಆಮೇಲೆ ಬರೆದು ಅವನ ತಲೆಗೆ ಕಟ್ಟಿದರು. ಈ ಕ್ರಮ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಎಷ್ಟೋ ಜನರಲ್ಲಿ ಹಿಂದುಮುಂದಾಗುತ್ತದೆ ಎಂದು ಮಾಸ್ಲೊ ತಾನೇ ಹೇಳಿದ್ದ. ಪರೀಕ್ಷೆಗೆ ಆ ಸಾಲು ಬರುವುದಿಲ್ಲವಾದ್ದರಿಂದ ನಾವು ಕಲಿಸುವುದಿಲ್ಲ.

ಹಿಂದುಮುಂದಾಗುವುದಕ್ಕೆ ನಮ್ಮ ಕಡೆಯ ಉದಾಹರಣೆ ಬೇಕೆಂದರೆ 2024ರಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ನಡೆದದ್ದನ್ನು ನೆನೆಯಬಹುದು. ಅಲ್ಲಿನ ಅಜ್ಜಿಯೊಬ್ಬರು ಗೃಹಲಕ್ಷ್ಮಿಯ ಹಣ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದರು. ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಪಿರಮಿಡ್ಡಿನ ಪ್ರಕಾರ ಆ ಹಣ ಔಷಧಕ್ಕೋ ಮನೆಯ ಜಂತಿಗೋ ಹೋಗಬೇಕಿತ್ತು. "ಬಡವರಿಗೆ ದುಡ್ಡು ಕೊಟ್ಟರೆ ಹೀಗೇ" ಎಂದು ಪಟ್ಟಣದಲ್ಲಿ ಕೂತು ಮೂಗು ಮುರಿದವರನ್ನೂ ನಾನು ಕಂಡಿದ್ದೇನೆ. ಆದರೆ ಜೀವಮಾನವಿಡೀ ಬೇರೆಯವರ ಮನೆಯ ಪಂಕ್ತಿಯಲ್ಲಿ ಕೂತು ಉಂಡವರಿಗೆ ಒಂದು ಸಲ ತಾವೇ ನೀಡುವ ಕೈಯಾಗಬೇಕೆನ್ನಿಸುವುದು ಹಸಿವಿಗಿಂತ ಸಣ್ಣದೆಂದು ಯಾರು ಹೇಳಬೇಕು? ಹಂಗು ತೀರಿಸುವುದು ಇಲ್ಲಿ ಪಿರಮಿಡ್ಡಿನ ನೆತ್ತಿಯ ವಿಷಯವಲ್ಲ, ಬುಡದ್ದು. ಜಮಖಂಡಿಯ ಬರ್ಫದ ಮಾತೂ ಅದೇ ಅಲ್ಲವೇ.

ಈಗ 'ನನ್ ರೊಕ್ಕ'ಕ್ಕೆ ಬರುತ್ತೇನೆ. ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ: ನಮ್ಮ ಮನೆಗಳಿಗೆ ಬರುವ ರೊಕ್ಕ ಬರಿ ರೊಕ್ಕವಲ್ಲ, ಅದಕ್ಕೊಂದು ಹೆಸರಿರುತ್ತದೆ. ಹಾಲಿನ ರೊಕ್ಕ, ಕಬ್ಬಿನ ಬಿಲ್ಲು, ಪಗಾರ, ಸಂಘದ ರೊಕ್ಕ, ಗೃಹಲಕ್ಷ್ಮಿ, ಪರಿಹಾರ. ಯಾವ ರೊಕ್ಕ ಯಾವ ಬೇಕನ್ನು ತೀರಿಸಬೇಕು ಎಂಬುದು ಅದರ ಮೊತ್ತಕ್ಕಿಂತ ಹೆಚ್ಚಾಗಿ ಅದರ ಹೆಸರಿನಿಂದ ತೀರ್ಮಾನವಾಗುತ್ತದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನು ಮನಸ್ಸಿನ ಲೆಕ್ಕದ ಪುಸ್ತಕ ಎಂಬ ಅರ್ಥದಲ್ಲಿ ವಿವರಿಸಿದ್ದಾನೆ. ನೂರು ರೂಪಾಯಿ ಎಲ್ಲಿಂದ ಬಂದರೂ ನೂರೇ ಎನ್ನುತ್ತದೆ ಹಳೆಯ ಅರ್ಥಶಾಸ್ತ್ರ. ಮನುಷ್ಯ ಮಾತ್ರ ಬೇರೆ ಬೇರೆ ಖಾತೆ ತೆರೆದು ಒಂದರದನ್ನು ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೋಳದ ಡಬ್ಬಿಯೊಳಗಿನ ರೊಕ್ಕ ಬೇರೆ, ದೇವರ ಜಗಲಿಯ ಮೇಲಿನ ಹುಂಡಿಯ ರೊಕ್ಕ ಬೇರೆ.

ಹಾಲಿನ ರೊಕ್ಕ ಚಿಲ್ಲರೆಯಾಗಿ, ತಪ್ಪದೇ ಬರುತ್ತದೆ. ಅದು ಕಿರಾಣಿಗೆ, ಚಹಾಪುಡಿಗೆ, ಮಕ್ಕಳ ನೋಟ್‌ಬುಕ್ಕಿಗೆ ಕರಗುತ್ತದೆ. ಅದನ್ನು ಕೂಡಿಟ್ಟು ಏನಾದರೂ ಕೊಂಡವರು ಅಪರೂಪ. ಕಬ್ಬಿನ ಬಿಲ್ಲಿನ ಜಾತಕವೇ ಬೇರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರಂತೆ ಬಡ್ಡಿ ಸೇರಿಸಬೇಕು. ನಡೆಯುವುದು ಹಾಗಲ್ಲ ಎಂಬುದು ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ಯಾವ ರೈತನನ್ನು ಕೇಳಿದರೂ ಗೊತ್ತಾಗುತ್ತದೆ. ವರ್ಷದ ಬೆಳೆ, ತಡವಾಗಿ ಬರುವ ಬಿಲ್ಲು. ಆದ್ದರಿಂದ ಬಿಲ್ಲು ಬರುವ ಮೊದಲೇ ಅದು ಖರ್ಚಾಗಿರುತ್ತದೆ. ಸೊಸೈಟಿ ಸಾಲ, ಗೊಬ್ಬರದ ಅಂಗಡಿಯ ಉದ್ರಿ, ಬೋರ್‌ವೆಲ್ಲು, ಮಗಳ ಮದುವೆ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದದ್ದು, ನವೆಂಬರಿನಲ್ಲಿ ಸರ್ಕಾರ 3,300ಕ್ಕೆ ಒಪ್ಪಿಸಿದ್ದು ನೆನಪಿರಬಹುದು. ಆ ಇನ್ನೂರು ರೂಪಾಯಿಯ ಹಗ್ಗಜಗ್ಗಾಟವನ್ನು ಲಾಭದ ಲೆಕ್ಕವೆಂದಷ್ಟೇ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅಲ್ಲಿ ಕೂತವರಿಗೆ ಅದು ಊರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳುವ ಲೆಕ್ಕವೂ ಆಗಿತ್ತು.

ಹಾಗಂತ ಕಬ್ಬಿನ ಬಿಲ್ಲಿನಲ್ಲಿ ಆಸೆಯ ಖರ್ಚಿಲ್ಲವೆಂದಲ್ಲ. ಇದೆ, ಟ್ರ್ಯಾಕ್ಟರಿನ ರೂಪದಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಶೋರೂಮಿನವರು ಬೆಲೆ ಇಳಿದದ್ದನ್ನೇ ಬ್ಯಾನರು ಮಾಡಿದರು. ನಾನು ಮಾತಾಡಿಸಿದ ಹುಡುಗರಲ್ಲಿ ಒಬ್ಬನೂ ಬೆಲೆಯ ಸುದ್ದಿ ಎತ್ತಲಿಲ್ಲ. ಎರಡು ಟ್ರಾಲಿ ತುಂಬ ಕಬ್ಬು ಹೇರಿ ದಿಣ್ಣೆ ಏರಿದಾಗ ಮುಂದಿನ ಗಾಲಿ ಮೇಲೇಳುತ್ತದೆಯೇ, ಡೆಕ್ಕಿನ ಸದ್ದು ಎಷ್ಟು ದೂರ ಕೇಳುತ್ತದೆ, ಬಂಪರಿನ ಮೇಲೆ ಏನು ಬರೆಸಬೇಕು, ಇಷ್ಟೇ. ಮನೆಯ ಯಜಮಾನನಿಗೆ ಅದು ದುಡಿಮೆಯ ಸಾಧನ, ಬ್ಯಾಂಕಿನವನಿಗೆ ಸಾಲದ ಖಾತೆ, ಮಗನಿಗೆ ಊರೊಳಗೆ ಅವನ ಮುಖ. ಎರಡೇ ಎಕರೆಯವನೂ ಟ್ರ್ಯಾಕ್ಟರ್ ಕೊಳ್ಳುತ್ತಾನೆ ಎಂದು ಬ್ಯಾಂಕಿನವರು ನಗುತ್ತಾರೆ. ಹೆಣ್ಣು ಕೊಡುವವರು ಅಂಗಳದಲ್ಲಿ ಏನು ನಿಂತಿದೆ ಎಂದು ನೋಡುವುದು ಅವರಿಗೆ ಕಂಡಿಲ್ಲ.

ಗೃಹಲಕ್ಷ್ಮಿಯ ಹೆಸರು ಹೊಸದು. 2023ರ ಆಗಸ್ಟ್ 30ರಂದು ಶುರುವಾದ ಯೋಜನೆ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಹೆಸರಿನಲ್ಲಿಯೇ ಯಾರದೆಂದು ಬರೆದಿದೆ. ಕಬ್ಬಿನ ಬಿಲ್ಲಿನಲ್ಲಿ ಹೆಂಡತಿಯ ದುಡಿಮೆ ಅರ್ಧಕ್ಕಿಂತ ಹೆಚ್ಚಿದ್ದರೂ ಅದು 'ಅವರ ರೊಕ್ಕ'. ಸರ್ಕಾರ ಹಾಕಿದ್ದು 'ನನ್ ರೊಕ್ಕ'. ಕಂತು ತಿಂಗಳಿಗೆ ಸರಿಯಾಗಿ ಬರದೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಎಲ್ಲರೂ ಬೈದರು, ಬೈಯಬೇಕಾದದ್ದೇ. ಆದರೆ ಅದರಿಂದ ಆದ ಇನ್ನೊಂದು ಪರಿಣಾಮ ಅಂಗಡಿಯವರಿಗೆ ಗೊತ್ತು. ಎರಡು ಸಾವಿರ ಬಂದರೆ ಅದು ಕಿರಾಣಿ, ಆರು ಸಾವಿರ ಒಟ್ಟಿಗೆ ಬಂದರೆ ಅದು ವಸ್ತು. ಮಿಕ್ಸರ್, ಹೊಲಿಗೆ ಯಂತ್ರ, ಫ್ರಿಜ್ಜಿನ ಮುಂಗಡ. ಮೊತ್ತದ ಆಕಾರ ಬದಲಾದರೆ ಬೇಕಿನ ಆಕಾರವೂ ಬದಲಾಗುತ್ತದೆ.

ಇದಕ್ಕೆ ಇನ್ನೆರಡು ಸಂಗತಿ ಕೂಡಿಕೊಂಡವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಮೊದಲೆಲ್ಲ ಸಂತೆಗೆ ಗಂಡನೇ ಹೋಗಿ ತಂದದ್ದನ್ನು ಮನೆಯಲ್ಲಿ ಒಪ್ಪಿಕೊಳ್ಳಬೇಕಿತ್ತು, ಬಣ್ಣ ಇಷ್ಟವಾಗದಿದ್ದರೂ. ಈಗ ಬೆಳಗಾವಿಯ ಖಡೇಬಜಾರಿಗೋ ಗಣಪತಿ ಗಲ್ಲಿಗೋ ಇಬ್ಬರು ಮೂವರು ಕೂಡಿ ಬರುತ್ತಾರೆ, ಹತ್ತು ಅಂಗಡಿ ಸುತ್ತುತ್ತಾರೆ, ಏನೂ ಕೊಳ್ಳದೆ ಹೋಗಿ ಮುಂದಿನ ವಾರ ಮತ್ತೆ ಬರುತ್ತಾರೆ. ನೋಡಿ ಬಿಟ್ಟುಬಿಡುವ ಈ ಸ್ವಾತಂತ್ರ್ಯ ಪೇಟೆಯವರಿಗೆ ಹಳೆಯ ಸಂಗತಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಈಚಿನದು. ಇನ್ನೊಂದು ಗೃಹಜ್ಯೋತಿ. ಇಲ್ಲಿ ಒಂದು ಕೊಕ್ಕೆ ಇದೆ. 200 ಯೂನಿಟ್‌ವರೆಗೆ ಉಚಿತ ಎಂದರೆ ಎಲ್ಲರಿಗೂ 200 ಅಲ್ಲ. ಯೋಜನೆಗೆ ಮೊದಲಿನ ವರ್ಷದಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಒಂದಿಷ್ಟು ಸೇರಿಸಿ ಆ ಮನೆಯ ಮಿತಿ. ಬಲ್ಬು, ಫ್ಯಾನು, ಟಿವಿ ಮಾತ್ರ ಇದ್ದ ಮನೆಗೆ ಫ್ರಿಜ್ ಬಂದರೆ ಮಿತಿ ದಾಟಿ ಬಿಲ್ಲು ಬರಬಹುದು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸ್ಟಾರ್ ರೇಟಿಂಗಿಗೆ ಆಕೆ ಕಿವಿಗೊಡದೇ ಇದ್ದದ್ದಕ್ಕೆ 'ಕರೆಂಟು ಹೆಂಗೂ ಫ್ರೀ' ಎಂಬ ನಂಬಿಕೆಯೂ ಕಾರಣವಿದ್ದೀತು.

ಆ ಫ್ರಿಜ್ ಆಕೆಯ ಮನೆಯಲ್ಲಿ ಎಲ್ಲಿ ಕೂತಿತೋ ನನಗೇನು ಗೊತ್ತು. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಅಡುಗೆಮನೆಗೆ ಹೋಗುವುದಿಲ್ಲ, ಪಡಸಾಲೆಯಲ್ಲಿ ಟಿವಿಯ ಪಕ್ಕ ಇರುತ್ತದೆ. ಮೇಲೆ ಕಸೂತಿಯ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ, ಮಗನಿಗೆ ಬಂದ ಕಬಡ್ಡಿಯ ಕಪ್ಪು. ಅಡುಗೆಮನೆಯಲ್ಲಿ ಒಲೆಯ ಹೊಗೆ, ಜಾಗವೂ ಸಾಲದು ಎಂಬುದು ಹೇಳುವ ಕಾರಣ. ಬಂದವರಿಗೆ ಕಾಣಲಿ ಎಂಬುದು ಹೇಳದ ಕಾರಣ. ಎರಡೂ ನಿಜವೇ.

ಹೇಳುವ ಕಾರಣ ಮತ್ತು ಹೇಳದ ಕಾರಣ ಬೇರೆಯಿರುತ್ತವೆ ಎಂಬುದನ್ನು ಅಮೆರಿಕದ ಮೇಸನ್ ಹೇರ್ ಎಂಬವನು 1950ರಲ್ಲಿ ಬಹಳ ಸರಳವಾಗಿ ತೋರಿಸಿದ. ಆಗ ದಿಢೀರ್ ಕಾಫಿ ಪುಡಿ ಹೊಸದು. ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದರೆ ಹೆಂಗಸರು "ರುಚಿ ಇಲ್ಲ" ಅನ್ನುತ್ತಿದ್ದರು. ಹೇರ್ ಎರಡು ಕಿರಾಣಿ ಚೀಟಿ ಬರೆದ. ಎರಡರಲ್ಲೂ ಅದೇ ಬ್ರೆಡ್ಡು, ಅದೇ ಗಜ್ಜರಿ, ಅದೇ ಆಲೂಗಡ್ಡೆ. ಒಂದರಲ್ಲಿ ಮಾತ್ರ ನೆಸ್ಕೆಫೆ, ಇನ್ನೊಂದರಲ್ಲಿ ಕುದಿಸಿ ಸೋಸುವ ಸಾದಾ ಕಾಫಿ ಪುಡಿ. ಈ ಚೀಟಿ ಬರೆದ ಹೆಂಗಸು ಎಂಥವಳಿರಬಹುದು ಎಂದು ಬೇರೆ ಬೇರೆ ಗುಂಪಿಗೆ ಕೇಳಿದ. ನೆಸ್ಕೆಫೆ ಚೀಟಿ ನೋಡಿದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಆಕೆ ಸೋಮಾರಿ, ಮನೆ ನಡೆಸಲು ಬಾರದವಳು ಎಂದರು. ರುಚಿಯ ಮಾತು ಬರಿ ನೆಪವಾಗಿತ್ತು.

ಈ ಪ್ರಯೋಗವನ್ನು ತರಗತಿಯಲ್ಲಿ ಹೇಳುವಾಗ ನಾನು ಕಾಫಿ ತೆಗೆದು ರೊಟ್ಟಿ ಹಾಕುತ್ತೇನೆ. ಕೂಡಲೇ ಕ್ಲಾಸು ಎದ್ದು ಕೂರುತ್ತದೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಈಗ ರೊಟ್ಟಿ ಮಾಡಿ ಮಾರುವ ಮನೆಗಳು ಓಣಿಗೊಂದರಂತೆ ಸಿಗುತ್ತವೆ. ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಖಡಕ್ ರೊಟ್ಟಿ ಡಬ್ಬಿಕಟ್ಟಿ ಬೆಂಗಳೂರು, ಪುಣೆಗೂ ಹೋಗುತ್ತದೆ. ಕೊಳ್ಳುವವರು ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನವರು, ಮಂಡಿನೋವಿನ ಅತ್ತೆಯರು. ಸಂಜೆ ಆರಕ್ಕೆ ಮನೆ ಸೇರಿ ಹಿಟ್ಟು ನಾದಿ ಹದಿನೈದು ರೊಟ್ಟಿ ಬಡಿಯುವುದು ಸುಲಭದ ಕೆಲಸವಲ್ಲ. ಆದರೂ ಕೇಳಿ ನೋಡಿ, "ಹೊರಗಿನ ರೊಟ್ಟಿ ಮೆತ್ತಗ ಇರಂಗಿಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ, ಹೇರ್‌ನ ಹೆಂಗಸರ "ರುಚಿ ಇಲ್ಲ" ಇದ್ದಂತೆ. ಅದರ ಕೆಳಗಿರುವ ಮಾತು ಬೇರೆ: "ಸೊಸಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲೇನು?" ರೊಟ್ಟಿಯ ಸದ್ದು ಪಕ್ಕದ ಮನೆಗೆ ಕೇಳುವಂಥದ್ದು. ಚಪಾತಿ ಲಟ್ಟಿಸಿದರೋ ಇಲ್ಲವೋ ಯಾರಿಗೂ ತಿಳಿಯದು, ರೊಟ್ಟಿ ಬಡಿಯದಿದ್ದರೆ ಓಣಿಗೆಲ್ಲ ಗೊತ್ತು.

ಇದನ್ನು ನಮ್ಮ ಹೆಣ್ಣುಮಕ್ಕಳು ದಾಟಿದ ಬಗೆ ನನಗೆ ಯಾವ ಜಾಹೀರಾತು ಕಂಪನಿಯ ಬುದ್ಧಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ನನ್ನ ಮನೆಯದನ್ನೇ ಹೇಳುತ್ತೇನೆ. ಹೆಂಡತಿ ಶಾಲೆಯಿಂದ ಬರುವಾಗ ಹಿಂದಿನ ಓಣಿಯ ಕಾಶವ್ವನ ಮನೆಯಿಂದ ರೊಟ್ಟಿ ತರಲು ಶುರು ಮಾಡಿದಾಗ ನಮ್ಮ ಅವ್ವ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ ಮಾತು ತಾನಾಗಿ ಬದಲಾಯಿತು. ಅದು 'ಕೊಂಡ ರೊಟ್ಟಿ' ಅಲ್ಲ, 'ಕಾಶವ್ವನ ರೊಟ್ಟಿ'. ಗಂಡ ಸತ್ತವಳು, ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ, ಅವಳಿಗೂ ನಾಲ್ಕು ಕಾಸು ಆಗಲಿ. ಈಗ ಬೀಗರು ಬಂದರೂ ಅವ್ವನೇ "ಕಾಶವ್ವಗ ಇಪ್ಪತ್ತ್ ರೊಟ್ಟಿ ಹೇಳ್ರಿ" ಎನ್ನುತ್ತಾಳೆ. ರೊಟ್ಟಿ ಅದೇ, ಬೆಲೆ ಅದೇ. ಸೋಮಾರಿತನದ ಖಾತೆಯಿಂದ ತೆಗೆದು ಉಪಕಾರದ ಖಾತೆಗೆ ಬರೆದ ಮೇಲೆ ಹೊಟ್ಟೆಗಿಳಿಯಿತು. ಪ್ಯಾಕೆಟ್ ಮೇಲೆ ಹೊಳೆಯುವ ಲೇಬಲ್ ಹಚ್ಚಿ ರೊಟ್ಟಿ ಮಾರುವವರು ಇದನ್ನು ಗಮನಿಸಬೇಕು. ಅವರು ಎಷ್ಟು ಶುಚಿ, ಎಷ್ಟು ದಿನ ಬಾಳಿಕೆ ಎಂದು ಬರೆಯುತ್ತಾರೆ. ಯಾರು ಬಡಿದದ್ದು ಎಂದು ಬರೆಯುವುದಿಲ್ಲ.

ಬೇಕಿನ ಖಾತೆ ಬದಲಾದರೆ ವಸ್ತುವಿನ ದಾರಿಯೇ ಬದಲಾಗುತ್ತದೆ ಎಂಬುದಕ್ಕೆ ಗುಳೇದಗುಡ್ಡದ ಖಣವೂ ಇದೆ, ರವಿಕೆಗೆಂದು ನೇಯುವ ಬಟ್ಟೆ. ಉಡಿ ತುಂಬಲು ಖಣ ಬೇಕೇಬೇಕು. ಆದ್ದರಿಂದ ಪ್ರತಿ ಮನೆಯ ಟ್ರಂಕಿನಲ್ಲೂ ಹೊಲಿಸದ ಖಣಗಳು ಬಿದ್ದಿರುತ್ತಿದ್ದವು. ಒಂದು ಮನೆಯಲ್ಲಿ ಬಂದದ್ದು ಇನ್ನೊಂದು ಮನೆಯ ಉಡಿಗೆ ಹೋಗುತ್ತಿತ್ತು. ತೊಡುವ ಬೇಕು ಹೋಗಿ ಕೊಡುವ ಬೇಕು ಮಾತ್ರ ಉಳಿದಾಗ ಯಾರೂ ಗುಣ ನೋಡುವುದಿಲ್ಲ, ಅಗ್ಗದ್ದೇ ಸಾಕು. ಮಗ್ಗದವರಿಗೆ ಪೆಟ್ಟು ಬಿದ್ದದ್ದು ಹಾಗೆ. ಈಗ ಅದೇ ಖಣ ಕುರ್ತಾ, ಬ್ಯಾಗು, ದಿಂಬಿನ ಚೀಲವಾಗಿ ಬೆಂಗಳೂರಿನಲ್ಲಿ ಮಾರಾಟವಾಗುತ್ತಿದೆ. ಇಳಕಲ್ ಸೀರೆಗೂ ಅಷ್ಟೆ. ಹೊಲದಲ್ಲಿ ಕಳೆ ತೆಗೆಯುವಾಗ ನಮ್ಮ ಅಜ್ಜಿ ಉಟ್ಟದ್ದು, ಕೆಂಪು ತೋಪ್ ತೆನಿ ಸೆರಗು ಹೊದ್ದದ್ದು ಅದೇ ಸೀರೆ. ಮೊಮ್ಮಗಳು ಕನ್ನಡ ರಾಜ್ಯೋತ್ಸವದ ದಿನ ಆಫೀಸಿಗೆ ಉಟ್ಟು ಫೋಟೊ ಹಾಕುವುದೂ ಅದನ್ನೇ. ಅಜ್ಜಿಗೆ ಮೈಮುಚ್ಚಲು, ಮೊಮ್ಮಗಳಿಗೆ ತಾನು ಯಾವ ಊರವಳೆಂದು ಹೇಳಲು. ಕೊಂಡಿ ಹಾಕಿ ಸೆರಗು ಜೋಡಿಸುವ ಕೈಕೆಲಸಕ್ಕೆ ಹೆಚ್ಚು ಹಣ ಕೊಡುವವಳು ಮೊಮ್ಮಗಳೇ. ಕೈಮಗ್ಗದ್ದೆಂದು ಪವರ್‌ಲೂಮಿನದನ್ನು ಕೊಟ್ಟರೆ ಹೆಚ್ಚು ಮೋಸಹೋಗುವವಳೂ ಅವಳೇ.

ಬಂಗಾರದ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು. 2025ರಲ್ಲಿ ಹತ್ತು ಗ್ರಾಮಿಗೆ ಲಕ್ಷ ದಾಟಿದ ಮೇಲೆ ಕೊಳ್ಳುವುದು ನಿಲ್ಲುತ್ತದೆ ಎಂದುಕೊಂಡವರಿದ್ದರು. ಬೋರಮಾಳ ಸರ ತೆಳ್ಳಗಾಯಿತು, ತೊಲಿಯ ಜಾಗದಲ್ಲಿ ಗ್ರಾಂ ಬಂತು, ಆದರೆ ನಿಲ್ಲಲಿಲ್ಲ. ಮಾನ, ಭದ್ರತೆ, ತವರಿನ ನೆನಪು, ಕಷ್ಟಕ್ಕೆ ಅಡವಿಡುವ ಅನುಕೂಲ, ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಇನ್ನೊಂದು ವಸ್ತು ಹೆಣ್ಣುಮಕ್ಕಳ ಕೈಗೆ ಈವರೆಗೆ ಬಂದಿಲ್ಲ.

ಇದನ್ನೆಲ್ಲ ಈಗಲೇ ಬರೆಯುವುದಕ್ಕೆ ಒಂದು ಕಾರಣವಿದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಮುಳುಗಡೆಯಾಗುವ ಜಮೀನಿಗೆ, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಒಪ್ಪಿತು. ಮುಳುಗುವುದು ಸುಮಾರು 75 ಸಾವಿರ ಎಕರೆ. ಮೂರು ಎಕರೆ ನೀರಾವರಿ ಇದ್ದವನ ಖಾತೆಗೆ ಒಂದು ಕೋಟಿ ಇಪ್ಪತ್ತು ಲಕ್ಷ. ಹಣ ಕೈಗೆ ಬರುವ ಮೊದಲೇ ಲೇಔಟಿನವರು, ಕಾರಿನ ಶೋರೂಮಿನವರು, ವಿಮೆಯ ಏಜೆಂಟರು ದಂಡೆಯ ಊರುಗಳಲ್ಲಿ ಓಡಾಡತೊಡಗಿದರೆ ಆಶ್ಚರ್ಯವಿಲ್ಲ. ಇದೇ ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿ ನವನಗರ ಎದ್ದ ಕಾಲದ ಪರಿಹಾರ ಎಲ್ಲಿ ಹೋಯಿತೆಂದು ಹಿರಿಯರನ್ನು ಕೇಳಿದರೆ ಮನೆ, ಮದುವೆ, ಮೋಟಾರ್ ಸೈಕಲ್ಲು, ಕೋರ್ಟು ಎಂದು ಬೆರಳು ಮಡಚುತ್ತ ಹೋಗುತ್ತಾರೆ. ಕೆಲವರು ಬೇರೆ ತಾಲ್ಲೂಕಿನಲ್ಲಿ ಹೊಲ ಹಿಡಿದರು. ಅವರ ಮಕ್ಕಳು ಇವತ್ತಿಗೂ ರೈತರು.

ಅಧಿಕಾರಿಗಳು ಇಂಥ ಕಡೆ ಆರ್ಥಿಕ ಸಾಕ್ಷರತೆಯ ಶಿಬಿರ ನಡೆಸುತ್ತಾರೆ, ಬಡ್ಡಿದರದ ಪಟ್ಟಿ ತೋರಿಸುತ್ತಾರೆ. ತಪ್ಪಲ್ಲ. ಆದರೆ ಪಟ್ಟಿ ನೋಡುವ ಹೊತ್ತಿಗೆ ಆ ರೊಕ್ಕಕ್ಕೆ ಮನೆಯಲ್ಲಿ ಹೆಸರಿಟ್ಟಾಗಿರುತ್ತದೆ. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಅಪ್ಪ ಮಗ ಇಬ್ಬರೂ ಕಟ್ಟೆಯ ಮೇಲಿದ್ದರು. ಮಗ ಮೊಬೈಲಿನಲ್ಲಿ ಒಂದು ಬಿಳಿ ಕಾರು ತೋರಿಸಿ, "ಪರಿಹಾರ ಬಂದಿಂದ ಇದನ್ನ ತಗೋಬೇಕಂತ ಮಾಡೇನ್ರಿ ಸರ್" ಎಂದ.

ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು. "ಪರಿಹಾರ ಅನಬ್ಯಾಡಲೇ. ಹೊಲದ ರೊಕ್ಕ ಅನ್ನು."

"ಎರಡೂ ಒಂದ ಅಲ್ಲೇನಪಾ?"

ಅಪ್ಪ ಉತ್ತರ ಕೊಡಲಿಲ್ಲ. ಒಳಗಿಂದ ಅವರ ಹೆಂಡತಿ ಚಹಾ ತಂದು ನನ್ನ ಮುಂದೆ ಇಟ್ಟು ಕೇಳಿದಳು: "ಸರ, ಖಾತೆ ಇವರ ಹೆಸರಿಗೆ ಮಾಡ್ತಾರೋ, ಇಬ್ಬರ ಹೆಸರಿಗೂ ಮಾಡ್ತಾರೋ?"